ಆರೈಕೆ ಮಾಡುವವರ ಅನುಭವ ರಂಗಕ್ಕೆ ಬರುವಾಗ

ಪ್ರಶ್ನೆ: ಮರೆವಿನ ಕಾಯಿಲೆಯಾದ ಡಿಮೆನ್ಷಿಯಾ ಇರುವ ಹಿರಿಯರನ್ನು ಮನೆಯಲ್ಲೇ ನೋಡಿಕೊಳ್ಳುತ್ತಿರುವ ಕೆಲವು ಕುಟುಂಬದವರು ನಾವು ತಿಂಗಳಿಗೊಮ್ಮೆ ಸೇರುತ್ತೇವೆ. ಸೆಪ್ಟೆಂಬರ್ 21ರ ವಿಶ್ವ ಆಲ್‌ಝೈಮರ್ ದಿನದಂದು ನಮ್ಮ ಅನುಭವಗಳನ್ನೇ ನಾಟಕವಾಗಿಸಿ ಬಂಧುಗಳ ಮುಂದೆ ಆಡಬೇಕೆಂಬ ಆಸೆಯಿದೆ. ನಮ್ಮಲ್ಲಿ ಯಾರೂ ನಟರಲ್ಲ. ಹವ್ಯಾಸಿ ತಂಡವೊಂದಕ್ಕೆ ಒಪ್ಪಿಸಿಬಿಡುವುದು ಒಳ್ಳೆಯದೇ? ಮನೆಯ ಗುಟ್ಟು ಬೀದಿಗೆ ಬಂದೀತೆಂದು ಕೆಲವರು ಹಿಂಜರಿಯುತ್ತಿದ್ದಾರೆ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅಭಿನಯವನ್ನು ತಂಡಕ್ಕೆ ಒಪ್ಪಿಸಬಹುದು, ಆದರೆ ಏನನ್ನು ತೋರಿಸಬೇಕು, ಏನನ್ನು ತೋರಿಸಬಾರದು ಎಂಬ ತೀರ್ಮಾನ ಕೊನೆಯ ತಾಲೀಮಿನವರೆಗೂ ನಿಮ್ಮ ಕೈಯಲ್ಲೇ ಇರಬೇಕು. ಹಾಗಿಲ್ಲದಿದ್ದರೆ ನಾಟಕ ಬಲುಬೇಗ ತ್ಯಾಗಮಯಿ ಸೊಸೆಯ ಕಥೆಯಾಗಿಬಿಡುತ್ತದೆ. ನೋಡಿದವರು ಕಣ್ಣೊರೆಸಿಕೊಂಡು, ಆಕೆಯನ್ನು ಕೊಂಡಾಡಿ, ಮನೆಗೆ ಹೋಗುತ್ತಾರೆ. ಮರುದಿನವೂ ಆ ಸೊಸೆ ಒಬ್ಬಳೇ ಇರುತ್ತಾಳೆ. ಹೊಗಳಿಕೆಯನ್ನೇ ನೆರವೆಂದು ಭಾವಿಸುವ ನಮ್ಮ ಸಮಾಜದಲ್ಲಿ ಈ ಅಪಾಯ ದೊಡ್ಡದೆಂದೇ ನಾನು ತಿಳಿದಿದ್ದೇನೆ.

ಮೊದಲ ಹಂತದಲ್ಲಿ ಹೊರಗಿನ ಪ್ರೇಕ್ಷಕರೇ ಬೇಡ. ಜೊನಾಥನ್ ಫಾಕ್ಸ್ ಮತ್ತು ಜೋ ಸಾಲಸ್ ಅವರು 1975ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಆರಂಭಿಸಿದ ಪ್ಲೇಬ್ಯಾಕ್ ಥಿಯೇಟರ್‌ನಲ್ಲಿ ಸಭೆಯಲ್ಲಿದ್ದವರೊಬ್ಬರು ತಮ್ಮ ಬದುಕಿನ ಘಟನೆಯೊಂದನ್ನು ಹೇಳುತ್ತಾರೆ. ನಡೆಸಿಕೊಡುವವರು ಕೆಲವು ಪ್ರಶ್ನೆ ಕೇಳಿ ಅದನ್ನು ಸ್ಪಷ್ಟಪಡಿಸಿಕೊಳ್ಳುತ್ತಾರೆ. ನಟರು ಅಲ್ಲಿಯೇ, ಬರೆದ ಸಂಭಾಷಣೆಯಿಲ್ಲದೆ, ಅದನ್ನು ಅಭಿನಯಿಸುತ್ತಾರೆ. ಕೊನೆಗೆ ಮಾತು ಮತ್ತೆ ಹೇಳಿದವರಿಗೇ ಸಲ್ಲುತ್ತದೆ. ನಿಮ್ಮ ತಿಂಗಳ ಸಭೆಗೆ ಇದು ಹೊಂದುತ್ತದೆ. ತನಗೆ ಸಿಟ್ಟು ಬಂದದ್ದನ್ನು, ಒಮ್ಮೊಮ್ಮೆ ಇದೆಲ್ಲ ಮುಗಿದುಹೋಗಲಿ ಎನ್ನಿಸಿದ್ದನ್ನು ಹೇಳಿಕೊಳ್ಳಲಾಗದೆ ಒಳಗೊಳಗೇ ಕುಗ್ಗಿದವರು, ಅದೇ ಭಾವವನ್ನು ಇನ್ನೊಬ್ಬರ ಮೈಮುಖಗಳಲ್ಲಿ ಕಂಡಾಗ, ಅದು ತನ್ನೊಬ್ಬಳದೇ ದೋಷವಲ್ಲವೆಂದು ತಿಳಿಯಲು ಅವಕಾಶವಾಗುತ್ತದೆ.

ಬಂಧುಗಳ ಮುಂದೆ ಆಡುವ ನಾಟಕಕ್ಕೆ ಬೇರೆಯೇ ರೂಪ ಬೇಕು. ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೋ ಬೋಲ್ 1973ರಲ್ಲಿ ಪೆರು ದೇಶದ ಸಾಕ್ಷರತಾ ಕಾರ್ಯಕ್ರಮದಲ್ಲಿ ದುಡಿಯುತ್ತಿದ್ದಾಗ, ಪ್ರೇಕ್ಷಕರಲ್ಲಿದ್ದ ಮಹಿಳೆಯೊಬ್ಬರು ತಾವು ಸೂಚಿಸಿದ್ದನ್ನು ನಟರು ಸರಿಯಾಗಿ ತೋರಿಸುತ್ತಿಲ್ಲವೆಂದು ಪಟ್ಟುಹಿಡಿದರು. ಕೊನೆಗೆ ಬೋಲ್ ಆ ಮಹಿಳೆಯನ್ನೇ ರಂಗಕ್ಕೆ ಕರೆದರು. ಫೋರಂ ಥಿಯೇಟರ್ ರೂಪುಗೊಂಡದ್ದು ಹೀಗೆ. ಇದರಲ್ಲಿ ಬಿಡಿಸಲಾಗದ ಸಮಸ್ಯೆಯೊಂದನ್ನು ಒಮ್ಮೆ ಆಡಿ ತೋರಿಸಿ, ಎರಡನೆಯ ಸಲ ಆಡುವಾಗ ಯಾವುದೇ ಪ್ರೇಕ್ಷಕರು ತಡೆದು ಪಾತ್ರಧಾರಿಯ ಜಾಗಕ್ಕೆ ಬರಬಹುದು. ಪಶ್ಚಿಮ ಬಂಗಾಳದ ಜನಸಂಸ್ಕೃತಿ ತಂಡ 1985ರಲ್ಲಿ ಹುಟ್ಟಿ, ಈ ಕ್ರಮವನ್ನು ಹಳ್ಳಿಗಳಿಗೆ ಒಯ್ದಿದೆ. ಕರ್ನಾಟಕದ ‘ಸಮುದಾಯ’ ರಂಗತಂಡದ ಬೀದಿನಾಟಕಗಳನ್ನು ಕಂಡ ನಮ್ಮ ಜನರಿಗೂ ಇದು ಅಪರಿಚಿತವೆನಿಸಲಾರದು.

ಇಲ್ಲೊಂದು ಸೂಕ್ಷ್ಮವಿದೆ. ಬೋಲ್ ಅವರ ಕ್ರಮದಲ್ಲಿ ಪ್ರೇಕ್ಷಕರು ಸಾಮಾನ್ಯವಾಗಿ ತುಳಿತಕ್ಕೊಳಗಾದವರ ಜಾಗಕ್ಕೆ ಬರುತ್ತಾರೆ. ತುಳಿಯುವವನು ದಿಢೀರನೆ ಒಳ್ಳೆಯವನಾದರೆ ಸಮಸ್ಯೆಯೇ ಮಾಯವಾಗುತ್ತದೆಂಬುದು ಅದರ ಹಿಂದಿನ ವಿಚಾರ. ನಿಮ್ಮ ನಾಟಕದಲ್ಲಿ ಈ ನಿಯಮವನ್ನು ಸಡಿಲಿಸಬೇಕೆಂಬುದು ನನ್ನ ಸಲಹೆ. ಒಂದು ದೃಶ್ಯವನ್ನು ಊಹಿಸಿ. ಸಂಜೆಯಾಗುತ್ತಿದ್ದಂತೆ ಮಾವನವರು ತಮ್ಮದೇ ಮನೆಯ ಬಾಗಿಲಲ್ಲಿ ಚೀಲ ಹಿಡಿದು ನಿಂತು, ‘ಮನೆಗೆ ಹೋಗಬೇಕು, ಕಳಿಸಿ’ ಎಂದು ಗೋಗರೆಯುತ್ತಿದ್ದಾರೆ. ಅದೇ ಹೊತ್ತಿಗೆ ಪರವೂರಿನಿಂದ ಮೈದುನನ ಫೋನು ಬರುತ್ತದೆ. ಎರಡು ನಿಮಿಷ ಮಾತಾಡಿ, ‘ಅಪ್ಪ ಚೆನ್ನಾಗಿಯೇ ಇದ್ದಾರಲ್ಲ ಅತ್ತಿಗೆ, ನೀವೇ ಸುಮ್ಮನೆ ಗಾಬರಿಯಾಗುತ್ತೀರಿ’ ಎನ್ನುತ್ತಾನೆ. ಈ ಕಾಯಿಲೆಯವರು ಚಿಕ್ಕ ಸಂಭಾಷಣೆಯನ್ನು ಎಷ್ಟೋ ಸಲ ಸರಾಗವಾಗಿ ನಿಭಾಯಿಸುವುದರಿಂದ ದೂರದವರಿಗೆ ನಿಜಸ್ಥಿತಿ ಕಾಣುವುದೇ ಇಲ್ಲ. ಇಲ್ಲಿ ಪ್ರೇಕ್ಷಕರು ಅತ್ತಿಗೆಯ ಜಾಗಕ್ಕೆ ಬಂದರೆ, ಆಕೆ ಇನ್ನಷ್ಟು ತಾಳ್ಮೆಯಿಂದ ಇರಬೇಕಿತ್ತೆಂಬ ಉಪದೇಶವೇ ಮತ್ತೊಮ್ಮೆ ರಂಗವೇರುತ್ತದೆ. ಅದರ ಬದಲು ಮೈದುನನ, ನೋಡಲು ಬಂದು ಹೋಗುವ ನೆಂಟರ, ನೆರೆಮನೆಯವರ ಜಾಗಕ್ಕೆ ಬರುವಂತೆ ಅವರನ್ನು ಕರೆಯಿರಿ. ಯಾರಾದರೂ ‘ತಿಂಗಳಲ್ಲಿ ಎರಡು ಭಾನುವಾರ ನಾನು ಬಂದು ಇರುತ್ತೇನೆ’ ಎಂದರೆ, ಸೂತ್ರಧಾರರು ಅಲ್ಲಿಗೇ ಬಿಡದೆ, ಯಾವ ಭಾನುವಾರ, ಎಷ್ಟು ಹೊತ್ತಿಗೆ, ಸ್ನಾನ ಮಾಡಿಸುವವರು ಯಾರು ಎಂದು ಕೇಳಬೇಕು. ಬಂಧುಗಳೇ ಕುಳಿತಿರುವ ಸಭೆಯಲ್ಲಿ ಅಂಥ ಪ್ರಶ್ನೆಗಳಿಗೆ ತೂಕವಿರುತ್ತದೆ.

ಗುಟ್ಟಿನ ಅಂಜಿಕೆ ಸಹಜವಾದುದು, ಅದನ್ನು ತಳ್ಳಿಹಾಕಬೇಡಿ. ಹೇಳಿದವರು ಒಪ್ಪಿದ್ದರೂ ಕಾಯಿಲೆಯಲ್ಲಿರುವ ಹಿರಿಯರು ಎಲ್ಲವನ್ನೂ ಅರಿತು ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದಿರಬಹುದು. ಆದ್ದರಿಂದ ಹಲವು ಮನೆಗಳ ಘಟನೆಗಳನ್ನು ಬೆರೆಸಿ ಒಂದು ಮನೆಯನ್ನು ಕಟ್ಟಿರಿ. ವೃತ್ತಿ, ಊರು, ಮಕ್ಕಳ ಸಂಖ್ಯೆಗಳನ್ನು ಬದಲಿಸಿರಿ. ಮಲಮೂತ್ರದ ಪ್ರಸಂಗಗಳನ್ನು ಅಭಿನಯಿಸದೆ ಮಾತಿನಲ್ಲಷ್ಟೇ ಸೂಚಿಸಿರಿ. ಮರೆವನ್ನು ಅಣಕಿಸಿ ನಗಿಸುವ ಅಭಿನಯ ಖಂಡಿತ ಕೂಡದು. ತಮ್ಮ ಕಥೆಯನ್ನು ಹಿಂತೆಗೆದುಕೊಳ್ಳುವ ಹಕ್ಕು ಪ್ರದರ್ಶನದ ಹಿಂದಿನ ದಿನವೂ ಪ್ರತಿಯೊಬ್ಬರಿಗೂ ಇರಬೇಕು. ತಮ್ಮ ಪಾತ್ರವನ್ನು ತಾವೇ ಆಡುವುದಕ್ಕಿಂತ ಒಬ್ಬರ ಕಥೆಯನ್ನು ಇನ್ನೊಬ್ಬರು ಆಡುವುದು ಕ್ಷೇಮ. ಹಳೆಯ ನೋವು ಮರುಕಳಿಸಿದವರ ಜೊತೆ ಕುಳಿತು ಮಾತನಾಡಲು ಆಪ್ತಸಮಾಲೋಚಕರೊಬ್ಬರು ತಾಲೀಮಿನಿಂದಲೇ ಜೊತೆಗಿರಲಿ.

ತಾಲೀಮಿಗೆ ಬಂದವರ ಮನೆಯಲ್ಲಿ ಆ ಹೊತ್ತು ಹಿರಿಯರ ಬಳಿ ಯಾರಿರುತ್ತಾರೆಂಬುದನ್ನು ಎಲ್ಲಕ್ಕಿಂತ ಮೊದಲು ಗೊತ್ತುಮಾಡಿಕೊಳ್ಳಿ. ಹವ್ಯಾಸಿ ತಂಡದವರಲ್ಲಿ ಇಬ್ಬರು ಮೂವರು ಸರದಿಯಂತೆ ಆ ಮನೆಗಳಲ್ಲಿ ಎರಡು ಗಂಟೆ ಇದ್ದು ಬರಲು ಒಪ್ಪಿದರೆ, ಪಾತ್ರಕ್ಕೆ ಬೇಕಾದ ತಿಳಿವಳಿಕೆಯೂ ಅವರಿಗೆ ಅಲ್ಲಿಯೇ ದೊರೆಯುತ್ತದೆ; ಆದರೆ ಮೊದಲ ಕೆಲವು ಸಲ ಮನೆಯವರೊಬ್ಬರ ಜೊತೆಯಲ್ಲೇ ಇದ್ದು, ಹಿರಿಯರಿಗೆ ಅವರ ಮುಖ ರೂಢಿಯಾದ ಮೇಲಷ್ಟೇ ಅವರನ್ನು ಒಬ್ಬೊಬ್ಬರಾಗಿ ಬಿಡಿ.