ಎದೆನೋವು ಅಂತ 911ಗೆ ಫೋನ್ ಮಾಡಿದರೆ ಫೈರ್ ಎಂಜಿನ್ ಯಾಕೆ ಬರುತ್ತೆ?

ಅಮೆರಿಕದ ಸಿಯಾಟಲ್‌ನಲ್ಲಿ ಮಗನ ಮನೆಗೆ ಬಂದಿದ್ದಾಗ ಪಕ್ಕದ ಮನೆಯವರಿಗೆ ಎದೆನೋವು ಬಂತು, ಇಲ್ಲಿನ ತುರ್ತು ನಂಬರ್ 911ಗೆ ಫೋನ್ ಮಾಡಿದರೆ ಆಂಬುಲೆನ್ಸ್‌ಗಿಂತ ಮೊದಲು ಕೆಂಪು ಫೈರ್ ಎಂಜಿನ್ ಬಂದು ನಿಂತಿತು, ಇದೇನು ಎಡವಟ್ಟು ಅಂತ ಕೇಳಿದ್ದೀರಿ. ಎಡವಟ್ಟಲ್ಲ. ಇಲ್ಲಿ ಇರೋದೇ ಹಾಗೆ. ನಮ್ಮ ಮನೆಗೇ ಎರಡು ಸಲ ಬಂದಿದ್ದಾರೆ. ಮೊದಲನೇ ಸಲ ಒಗ್ಗರಣೆ ಹೊಗೆಗೆ ಅಲಾರಂ ಹೊಡೆದುಕೊಂಡು ಇಡೀ ಬಿಲ್ಡಿಂಗ್‌ನವರು ಚಳಿಯಲ್ಲಿ ಹೊರಗೆ ನಿಂತಿದ್ದರು, ಅದನ್ನ ಬಿಡಿ.

ಎರಡನೇ ಸಲ ಬಂದಿದ್ದು ನಮ್ಮ ಅತ್ತೆಗೆ. ಊರಿಂದ ಬಂದು ಮೂರು ವಾರ ಆಗಿತ್ತು. ಕಾಫಿ ಲೋಟ ಹಿಡಿದವರು ಹಾಗೇ ಸೋಫಾಗೆ ಒರಗಿದರು, ಮೈಯೆಲ್ಲ ಬೆವರು, ಮಾತು ತೊದಲುತ್ತಿತ್ತು. 911ಗೆ ಫೋನ್ ಮಾಡಿದೆ. ಆರೋಗ್ಯದ ವಿಷಯ ಅಂದ ತಕ್ಷಣ ಫೈರ್ ಡಿಪಾರ್ಟ್‌ಮೆಂಟ್‌ನ ಕಂಟ್ರೋಲ್ ರೂಮಿಗೆ ಲೈನ್ ಕೊಟ್ಟರು. ಎಚ್ಚರ ಇದ್ದಾರಾ, ಉಸಿರಾಟ ಸರಿಯಾಗಿದೆಯಾ ಅಂತ ಅವರು ಕೇಳ್ತಾ ಇರುವಾಗಲೇ ಕೆಳಗೆ ಸೈರನ್ ಕೇಳಿಸಿತು. ನಾಲ್ಕು ಜನ, ಬೂಟುಗಾಲಲ್ಲೇ ಹೊಸಿಲಿನ ರಂಗೋಲಿ ತುಳಿದುಕೊಂಡು ಒಳಗೆ ಬಂದರು. ಅತ್ತೆ ಅಂಥ ಸ್ಥಿತಿಯಲ್ಲೂ ಕಣ್ಣು ಬಿಟ್ಟು, "ಗ್ಯಾಸ್ ಆಫ್ ಮಾಡಿದ್ಯೇನೇ?" ಅಂದರು. ನಮ್ಮನೇಲಿ ಇರೋದು ಕರೆಂಟ್ ಒಲೆ.

ಒಬ್ಬ ಬಿಪಿ ನೋಡಿದ, ಇನ್ನೊಬ್ಬ ಬೆರಳು ಚುಚ್ಚಿ ಶುಗರ್ ನೋಡಿದ. ಮೂರನೆಯವಳು ನನ್ನ ಹತ್ತಿರ ಮಾತ್ರೆಗಳ ಪ್ಲಾಸ್ಟಿಕ್ ಕವರ್ ಇಸಕೊಂಡು ಒಂದೊಂದೇ ಸ್ಟ್ರಿಪ್ ತಿರುಗಿಸಿ ಓದಿದಳು. ಕಂಪನಿ ಹೆಸರು ಅವಳಿಗೆ ಅರ್ಥ ಆಗಲಿಲ್ಲ, ಕೆಳಗೆ ಸಣ್ಣ ಅಕ್ಷರದಲ್ಲಿದ್ದ ಗ್ಲಿಮಿಪಿರೈಡ್ (ಶುಗರ್ ಇಳಿಸೋ ಔಷಧಿ) ಅನ್ನೋದು ಅರ್ಥ ಆಯಿತು. ಅವತ್ತು ಸಂಕಷ್ಟಿ. ಅತ್ತೆ ಊಟ ಬಿಟ್ಟಿದ್ದರು, ಶುಗರ್ ಮಾತ್ರೆ ಮಾತ್ರ ತಪ್ಪದೆ ನುಂಗಿದ್ದರು, ಶುಗರ್ ತೀರಾ ಇಳಿದುಹೋಗಿತ್ತು! ಬಾಯಿಗೆ ಗ್ಲೂಕೋಸ್ ಪೇಸ್ಟ್ ಹಾಕಿದರು, ಸ್ವಲ್ಪ ಹೊತ್ತಿಗೆ ಮಾತು ಸರಿಹೋಯಿತು. ಅಷ್ಟರಲ್ಲಿ ಪ್ಯಾರಾಮೆಡಿಕ್‌ಗಳ (ತುರ್ತು ಚಿಕಿತ್ಸೆಯಲ್ಲಿ ಇನ್ನೂ ಹೆಚ್ಚಿನ ತರಬೇತಿ ಆದವರು) ಗಾಡಿಯೂ ಬಂದು ಇಸಿಜಿ ತೆಗೆದರು.

ಈಗ ನಿಮ್ಮ 'ಯಾಕೆ'ಗೆ ಬರ್ತೀನಿ. 1889ರ ಜೂನ್‌ನಲ್ಲಿ ಒಂದು ಬಡಗಿ ಅಂಗಡಿಯಲ್ಲಿ ಅಂಟು ಕಾಯಿಸುವಾಗ ಹೊತ್ತಿದ ಬೆಂಕಿಗೆ ಈ ಊರಿನ ಪೇಟೆ ಪೂರ್ತಿ ಸುಟ್ಟುಹೋಯಿತು. ಅಲ್ಲಿಯವರೆಗೆ ಬೆಂಕಿ ಆರಿಸೋಕೆ ಇದ್ದವರು ಸ್ವಯಂಸೇವಕರು, ಅದೇ ವರ್ಷ ಸಂಬಳದ ಇಲಾಖೆ ಶುರುವಾಯಿತು. ಬೆಂಕಿ ಕಾಯೋದಿಲ್ಲ ಅಲ್ವಾ, ಅದಕ್ಕೇ ಊರ ತುಂಬ ಸ್ಟೇಷನ್. ಈಗ ಮೂವತ್ತಕ್ಕೂ ಜಾಸ್ತಿ ಇವೆ. ಹಗಲು ರಾತ್ರಿ ಜನ ಅಲ್ಲೇ ಉಂಡು ಮಲಗಿ ಸಿದ್ಧವಾಗಿರ್ತಾರೆ. ನಿಂತ ಹೃದಯವೂ ಕಾಯೋದಿಲ್ಲ, ನಿಮಿಷಗಳ ಲೆಕ್ಕ. ಹಾಗಿರುವಾಗ ಹತ್ತಿರದಲ್ಲೇ ಇರುವ ಇವರನ್ನ ಬಿಟ್ಟು ದೂರದ ಆಂಬುಲೆನ್ಸ್‌ಗೆ ಯಾಕೆ ಕಾಯಬೇಕು ಅಂತ ಲೆನಾರ್ಡ್ ಕಾಬ್ ಅನ್ನೋ ಹೃದಯದ ಡಾಕ್ಟರೂ ಫೈರ್ ಚೀಫ್ ಗಾರ್ಡನ್ ವಿಕ್ಕರಿಯೂ ಸೇರಿ 1970ರಲ್ಲಿ 'ಮೆಡಿಕ್ ಒನ್' ಅನ್ನೋ ತುರ್ತು ಚಿಕಿತ್ಸೆಯ ವ್ಯವಸ್ಥೆ ಶುರು ಮಾಡಿದರು. ಫೈರ್‌ಮನ್‌ಗಳಿಗೇ ಹಾರ್ಬರ್‌ವ್ಯೂ ಆಸ್ಪತ್ರೆಯಲ್ಲಿ ತರಬೇತಿ ಕೊಟ್ಟರು. ಮೊದಲ ಗಾಡಿ ಅಂದ್ರೆ ಪ್ರವಾಸಕ್ಕೆ ಹೋಗೋ ವಿನ್ನೆಬೇಗೋ ವ್ಯಾನು. ಎಷ್ಟು ದೊಡ್ಡದಿತ್ತಂದ್ರೆ ಅದಕ್ಕೆ, ಕಾದಂಬರಿಯ ದೈತ್ಯ ತಿಮಿಂಗಿಲ 'ಮೋಬಿ ಡಿಕ್' ಹೆಸರನ್ನ ತಿರುಚಿ, 'ಮೋಬಿ ಪಿಗ್' ಅಂತ ಅಡ್ಡಹೆಸರು ಬಿತ್ತು.

ಇವತ್ತು ಇಲ್ಲಿ ಫೈರ್‌ಫೈಟರ್ ಆಗಬೇಕಂದ್ರೆ ಇಎಂಟಿ, ಅಂದ್ರೆ ತುರ್ತು ಚಿಕಿತ್ಸೆಯ, ತರಬೇತಿ ಕಡ್ಡಾಯ, ಎಂಜಿನ್‌ನಲ್ಲಿ ಆಕ್ಸಿಜನ್ನೂ ಹೃದಯಕ್ಕೆ ಶಾಕ್ ಕೊಡೋ ಯಂತ್ರವೂ ಇರುತ್ತೆ. ಬರೋ ಕರೆಗಳಲ್ಲಿ ಬೆಂಕಿಯದ್ದು ಕಮ್ಮಿ, ಮುಕ್ಕಾಲು ಪಾಲು ಹೀಗೆ ಆರೋಗ್ಯದ್ದೇ. ನಾಲ್ಕು ಜನ ಯಾಕೆ ಅಂತ ನನಗೂ ಅನಿಸಿತ್ತು. ಎದೆ ಒತ್ತಿ ಸಿಪಿಆರ್ ಕೊಡುವಾಗ ಎರಡು ನಿಮಿಷಕ್ಕೆ ಕೈ ಸೋಲುತ್ತೆ, ಆಗ ಇನ್ನೊಬ್ಬರು ಒತ್ತಬೇಕು. ಮೂರನೇ ಮಹಡಿಯಿಂದ ರೋಗಿಯನ್ನ ಇಳಿಸೋಕೂ ಆಳು ಬೇಕು.

ನಮ್ಮ ಕಡೆ ಬೆಂಕಿಗೆ 101, ಆಂಬುಲೆನ್ಸ್‌ಗೆ 108 ಅಂತ ಬೇರೆಬೇರೆ ಇಟ್ಟು ರೂಢಿ, ಈಗ 112 ಬಂದಿದ್ದರೂ ಹೋಗುವ ಗಾಡಿ ಬೇರೆಬೇರೆಯೇ. ಅದಕ್ಕೇ ನಿಮಗೆ ವಿಚಿತ್ರ ಅನಿಸಿದ್ದು.

ಒಂದು ಮಾತ್ರ ನೆನಪಿಡಿ. ಜೀವಕ್ಕೆ ಅಪಾಯ ಇಲ್ಲ ಅಂತಾದ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋಗೋದು ಸಾಮಾನ್ಯವಾಗಿ ಖಾಸಗಿ ಆಂಬುಲೆನ್ಸ್. ಅತ್ತೆಯನ್ನೂ ಹಾಗೇ ಕಳಿಸಿದರು, ಬಿಲ್ ಆಮೇಲೆ ಪೋಸ್ಟಲ್ಲಿ ಬಂತು. ಪ್ರವಾಸದ ಇನ್ಶೂರೆನ್ಸ್ ಇಲ್ಲದೆ ವಿಮಾನ ಹತ್ತಬೇಡಿ. ಮಾತ್ರೆಗಳ ಹೆಸರು ಇಂಗ್ಲಿಷಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ, ನಮ್ಮನೇಲಿ ಈಗ ಅಲ್ಲೇ ಇದೆ, ಪಕ್ಕದಲ್ಲಿ ಅತ್ತೆಯ ಸಂಕಷ್ಟಿ ಕ್ಯಾಲೆಂಡರ್.