ಓದುಗರ ಪ್ರಶ್ನೆ: ಮೂರು ಹಳೇ ಯೆಜ್ಡಿಯಿಂದ ಒಂದು ಬೈಕ್

ಪ್ರಶ್ನೆ: ನನ್ನ ಹತ್ತಿರ ಮೂರು ಹಳೇ ಯೆಜ್ಡಿ ರೋಡ್‌ಕಿಂಗ್ ಸೇರಿವೆ. ಒಂದಕ್ಕೆ ಆರ್‌ಸಿ ಇದೆ, ಆದರೆ ಎಂಜಿನ್ ಜಾಮ್. ಎರಡನೆಯದರ ಎಂಜಿನ್ ಚೆನ್ನಾಗಿದೆ, ದಾಖಲೆ ಇಲ್ಲ. ಮೂರನೆಯದು ಗೋಣಿಚೀಲದಲ್ಲಿ ಬಿಡಿಭಾಗಗಳಾಗಿ ಬಂದಿದೆ. ಇವನ್ನು ಸೇರಿಸಿ, ಗಿಡ್ಡ ಸೀಟು ಹಾಕಿ ನನ್ನಿಷ್ಟದ ಬೈಕ್ ಕಟ್ಟಬೇಕು. ಎಲ್ಲಿಂದ ಶುರು ಮಾಡಲಿ?
— ಓದುಗರು, ಚಿಕ್ಕಮಗಳೂರು

ಉತ್ತರ: ಸ್ಪ್ಯಾನರ್‌ಗಿಂತ ಮೊದಲು ಆರ್‌ಸಿ ಕೈಗೆತ್ತಿಕೊಳ್ಳಿ. ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ಒಂದಂಕಿಯೂ ತಪ್ಪದೆ ತಾಳೆಯಾಗಬೇಕು. ಬಣ್ಣ, ಜಿಡ್ಡು ಮುಚ್ಚಿದ್ದರೆ ಥಿನ್ನರ್ ಹಾಕಿದ ಬಟ್ಟೆಯಲ್ಲಿ ಒರೆಸಿ. ಎಮರಿ, ಗ್ರೈಂಡರ್ ಅಲ್ಲಿಗೆ ಸುಳಿಯಬಾರದು. ಉಜ್ಜಿದ ಗುರುತಿದ್ದರೆ ಆರ್‌ಟಿಒ ತಪಾಸಣೆಯಲ್ಲಿ ನಂಬರ್ ತಿದ್ದಿದ ಅನುಮಾನ ಬರುತ್ತದೆ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಹಾಗಾಗಿ ನಿಮ್ಮ ಬೈಕಿಗೆ 15 ವರ್ಷ ಎಂದೋ ಕಳೆದಿದೆ. ನೋಂದಣಿ ನವೀಕರಣ ಆಗಿದೆಯೇ ನೋಡಿ. ಆಗಿಲ್ಲದಿದ್ದರೆ ಫಾರಂ 25ರಲ್ಲಿ ಅರ್ಜಿ, ತಪಾಸಣೆ, ಆಮೇಲೆ 5 ವರ್ಷಕ್ಕೆ ನವೀಕರಣ.

ಈಗ ಮುಖ್ಯ ವಿಷಯ. ದಾಖಲೆಯಿಲ್ಲದ ಬೈಕಿನ ಎಂಜಿನ್ ಇಡಿಯಾಗಿ ಎತ್ತಿ ಕೂರಿಸುವ ಆಸೆ ಬೇಡ. ಎಂಜಿನ್ ನಂಬರ್ ಇರುವುದು ಕ್ರ್ಯಾಂಕ್‌ಕೇಸ್, ಅಂದರೆ ಎಂಜಿನ್‌ನ ಕೆಳಭಾಗದ ಹೊರಕವಚದ ಮೇಲೆ. ದಾಖಲೆಯಿರುವ ಬೈಕಿನ ಚಾಸಿಯನ್ನೂ ಕ್ರ್ಯಾಂಕ್‌ಕೇಸನ್ನೂ ಉಳಿಸಿಕೊಂಡು, ಒಳಗಿನ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಶಾಫ್ಟ್), ಗೇರ್‌ಗಳು, ಕ್ಲಚ್, ಹೊರಗಿನ ಬ್ಲಾಕ್ (ಪಿಸ್ಟನ್ ಓಡಾಡುವ ಸಿಲಿಂಡರ್), ಹೆಡ್ ಎಲ್ಲವನ್ನೂ ಉಳಿದೆರಡರಿಂದ ಆರಿಸಿ ಹಾಕಿ. ಆಗ ಎರಡು ನಂಬರೂ ಆರ್‌ಸಿಯಲ್ಲಿ ಇದ್ದಂತೆಯೇ ಇರುತ್ತವೆ. ಭಾಗ ತೆಗೆಯುವ ಮುನ್ನ ಆ ದಾಖಲೆಯಿಲ್ಲದ ಬೈಕ್ ಕಳವಿನ ಮಾಲಲ್ಲ ಎಂದು ಖಚಿತ ಮಾಡಿಕೊಳ್ಳಿ; ಕೊಟ್ಟವರಿಂದ ಬರೆಸಿಕೊಂಡ ಪತ್ರ ಇರಲಿ.

ಕ್ರ್ಯಾಂಕ್‌ಕೇಸಿನ ಎಡ, ಬಲ ಹೋಳುಗಳು ಜೋಡಿಯಾಗಿಯೇ ಮಷಿನಿಂಗ್ ಆದವು. ಒಂದು ಎಂಜಿನ್‌ನ ಎಡ, ಇನ್ನೊಂದರ ಬಲ ಸೇರಿಸಿದರೆ ಬೋಲ್ಟ್ ಕೂರುತ್ತದೆ, ಬೇರಿಂಗ್‌ಗಳ ನೇರ ತಪ್ಪುತ್ತದೆ. ಬಿಗಿ ಮಾಡಿದ ಮೇಲೆ ಕ್ರ್ಯಾಂಕ್ ಕೈಯಲ್ಲಿ ಸಲೀಸಾಗಿ ತಿರುಗದಿದ್ದರೆ ಅದೇ ಕಾರಣ ಇರಬಹುದು. ಒಡೆದ ಕೇಸಿದ್ದರೆ ಜಿಡ್ಡು ಪೂರ್ತಿ ತೆಗೆದು ಟಿಗ್ ವೆಲ್ಡಿಂಗ್ ಮಾಡಿಸಿ, ಜೋಡಿ ಮುರಿಯಬೇಡಿ.

ಜಾಮ್ ಬಿಡಿಸಲು ಕಿಕ್ ಮೇಲೆ ಹತ್ತಿ ತುಳಿಯಬೇಡಿ, ಕಿಕ್‌ನ ಹಲ್ಲು ಹೋಗುತ್ತದೆ. ಪ್ಲಗ್ ತೂತಿನಿಂದ ಡೀಸೆಲ್ ಮತ್ತು 2ಟಿ ಆಯಿಲ್ (ಟು-ಸ್ಟ್ರೋಕ್‌ಗೆ ಪೆಟ್ರೋಲ್ ಜೊತೆ ಕಲಸುವ ಆಯಿಲ್) ಬಿಟ್ಟು ಎರಡು ಮೂರು ದಿನ ನೆನೆಸಿ, ಟಾಪ್ ಗೇರ್‌ಗೆ ಹಾಕಿ ಹಿಂದಿನ ಚಕ್ರವನ್ನು ಹಿಂದೆ ಮುಂದೆ ಅಲ್ಲಾಡಿಸಿ. ಬಿಟ್ಟುಕೊಂಡರೂ ಸ್ಟಾರ್ಟ್ ಮಾಡಬೇಡಿ. ನಿಂತ ಟು-ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಬೇರಿಂಗ್‌ಗೆ ತುಕ್ಕು ಹಿಡಿದಿರುತ್ತದೆ, ಕೇಸ್ ಬಿಚ್ಚಲೇಬೇಕು. ಹೊಸ ಬೇರಿಂಗ್ ಬಡಿದು ಕೂರಿಸುವ ಗ್ಯಾರೇಜ್ ಬಿಟ್ಟುಬಿಡಿ. ಕೇಸನ್ನು ಸುಮಾರು 100 ಡಿಗ್ರಿಗೆ ಬಿಸಿ ಮಾಡಿ, ಫ್ರೀಜರ್‌ನಲ್ಲಿಟ್ಟ ಬೇರಿಂಗ್ ಇಟ್ಟರೆ ತಾನೇ ಇಳಿಯುತ್ತದೆ. ಕನೆಕ್ಟಿಂಗ್ ರಾಡ್ ಬದಲಿಸಿದ ಕ್ರ್ಯಾಂಕನ್ನು ಡಯಲ್ ಗೇಜ್ ಇಟ್ಟು ತಿರುಗಿಸಿ ತೋರಿಸಲು ಹೇಳಿ, ಓಟ (ತಿರುಗುವಾಗಿನ ಓಲಾಟ) 0.05 ಮಿ.ಮೀ. ಮೀರಬಾರದು. ಬೋರ್ ಮಾಡಿಸಿದ ಬ್ಲಾಕಿನ ಪೋರ್ಟ್‌ಗಳ (ಮಿಶ್ರಣ, ಹೊಗೆ ಓಡಾಡುವ ಕಿಂಡಿಗಳ) ಅಂಚುಗಳನ್ನು ಉಜ್ಜಿ ಮೊಂಡು ಮಾಡಿಸಲು ಬಹಳ ಜನ ಮರೆಯುತ್ತಾರೆ. ಚೂಪಾಗಿ ಬಿಟ್ಟರೆ ರಿಂಗ್ ಸಿಕ್ಕಿ ಮುರಿಯುತ್ತದೆ.

ಗಿಡ್ಡ ಸೀಟಿಗೆ ಚಾಸಿಯ ಹಿಂಭಾಗ ಕೊಯ್ಯುವುದು ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಇರುವ ಬೋಲ್ಟ್ ತೂತುಗಳಿಗೇ ಹೊಂದುವ ಸೀಟು ಮಾಡಿಸಿ. ಬೇಡವೆನಿಸಿದ ದಿನ ಹಳೆಯದನ್ನೇ ಮತ್ತೆ ಕೂರಿಸಬಹುದು.

ಪ್ರಶ್ನೆ: ಎರಡು ಎಂಜಿನ್ ಸೇರಿಸಿ ಒಂದು ಮಾಡಿದೆ. ಸ್ಟಾರ್ಟ್ ಆಗುತ್ತದೆ, ಬಿಸಿಯಾದ ಮೇಲೆ ಆ್ಯಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯುವುದಿಲ್ಲ. ಬಿಳಿ ಹೊಗೆಯೂ ಜಾಸ್ತಿ. ಕಾರ್ಬುರೇಟರ್ ಎರಡು ಸಲ ಬದಲಿಸಿಯಾಯಿತು.
— ಓದುಗರು, ದಾವಣಗೆರೆ

ಉತ್ತರ: ಕಾರ್ಬುರೇಟರ್ ಬಿಡಿ, ಕ್ರ್ಯಾಂಕಿನ ಆಯಿಲ್ ಸೀಲ್ (ಶಾಫ್ಟಿನ ಸುತ್ತ ಸೋರದಂತೆ ತಡೆಯುವ ರಬ್ಬರ್ ಬಳೆ) ನೋಡಿ. ನಿಮ್ಮಲ್ಲಿ ಎರಡೂ ಕಡೆ ಸೋರುತ್ತಿರುವ ಲಕ್ಷಣ ಇದೆ. ಎಡಗಡೆ, ಅಂದರೆ ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲನ್ನು ಕ್ರ್ಯಾಂಕ್ ಹೀರಿಕೊಂಡು ಸುಡುತ್ತದೆ: ಬಿಳಿ ಹೊಗೆ, ಗೇರ್ ಆಯಿಲ್ ಮಟ್ಟ ಇಳಿಯುವುದು. ಬಲಗಡೆ, ಪಾಯಿಂಟ್ (ಪ್ಲಗ್‌ಗೆ ಕಿಡಿ ಕೊಡಿಸುವ ಸ್ವಿಚ್) ಇರುವ ಕಡೆಯ ಸೀಲ್ ಹೋದರೆ ಹೊರಗಿನ ಗಾಳಿ ಒಳಗೆ ಹೋಗಿ ಮಿಶ್ರಣ ತೆಳುವಾಗುತ್ತದೆ, ರೇಸ್ ಇಳಿಯುವುದಿಲ್ಲ. ಇದನ್ನು ಹೀಗೇ ಓಡಿಸಬೇಡಿ. ಟು-ಸ್ಟ್ರೋಕ್‌ಗೆ ಆಯಿಲ್ ಬರುವುದು ಪೆಟ್ರೋಲ್ ಜೊತೆಗೇ. ಪೆಟ್ರೋಲ್ ಕಮ್ಮಿಯಾದರೆ ಆಯಿಲೂ ಕಮ್ಮಿ, ಬಿಸಿ ಜಾಸ್ತಿ. ಹೆದ್ದಾರಿಯಲ್ಲಿ ಪಿಸ್ಟನ್ ಹಿಡಿದು ಹಿಂದಿನ ಚಕ್ರ ಲಾಕ್ ಆಗುತ್ತದೆ.

ಪರೀಕ್ಷೆ ಸುಲಭ. ಸೈಲೆನ್ಸರ್ ಎರಡೂ, ಕಾರ್ಬುರೇಟರ್ ತೆಗೆದು ಮೂರೂ ಬಾಯಿಗೆ ಹಳೇ ಟ್ಯೂಬಿನ ರಬ್ಬರ್ ಇಟ್ಟು ತಗಡಿನಿಂದ ಬಿಗಿಯಿರಿ. ಪಿಸ್ಟನ್ ಪೂರ್ತಿ ಕೆಳಗಿರಲಿ. ಹಳೇ ಪ್ಲಗ್‌ನ ಪಿಂಗಾಣಿ ಒಡೆದು ತೆಗೆದು ಟ್ಯೂಬ್ ವಾಲ್ವ್ ಬೆಸೆದರೆ ಅಡಾಪ್ಟರ್ ಆಯಿತು. ಗೇಜ್ ಇರುವ ಸೈಕಲ್ ಪಂಪಿನಿಂದ 6 ಪಿಎಸ್‌ಐ ಮಾತ್ರ ಕೊಡಿ. ಹೆಚ್ಚಾದರೆ ಒಳ್ಳೆಯ ಸೀಲೂ ಜರುಗುತ್ತದೆ. ಐದು ನಿಮಿಷ ಗಾಳಿ ನಿಲ್ಲಬೇಕು. ಇಳಿಯುತ್ತಿದ್ದರೆ ಕೇಸ್ ಜೋಡಣೆ, ಬ್ಲಾಕ್ ಪ್ಯಾಕಿಂಗ್, ಬಲಗಡೆ ಸೀಲಿನ ಸುತ್ತ ಸೋಪು ನೀರು ಹಚ್ಚಿ, ಗುಳ್ಳೆ ಎಲ್ಲೆಂದು ನೋಡಿ. ಎಲ್ಲೂ ಗುಳ್ಳೆಯಿಲ್ಲದಿದ್ದರೆ ಗೇರ್ ಆಯಿಲ್ ತುಂಬುವ ಮುಚ್ಚಳ ಬಿಚ್ಚಿ ಕಿವಿಗೊಡಿ. ಬುಸ್ ಎಂದರೆ ಎಡಗಡೆ ಸೀಲ್. ಸೀಲ್ ಬದಲಿಸುವ ಮೊದಲು ಕ್ರ್ಯಾಂಕ್ ಶಾಫ್ಟಿನ ಮೇಲೆ ಉಗುರಾಡಿಸಿ. ಹಳೇ ಸೀಲ್ ಕೊರೆದ ಗೆರೆ ಉಗುರಿಗೆ ಸಿಕ್ಕರೆ ಹೊಸ ಸೀಲೂ ನಿಲ್ಲದು.

ಪ್ರಶ್ನೆ: ಪಲ್ಸರ್‌ನ ಡಿಸ್ಕ್ ಬ್ರೇಕ್ ಫೋರ್ಕ್ ರೋಡ್‌ಕಿಂಗ್‌ಗೆ ಹಾಕಬಹುದೇ?
— ಓದುಗರು, ಬೆಳಗಾವಿ

ಉತ್ತರ: ಹಾಕುವವರಿದ್ದಾರೆ, ನಾವು ಸಲಹೆ ಕೊಡುವುದಿಲ್ಲ. ಸ್ಟೀರಿಂಗ್ ಶಾಫ್ಟಿನ ಉದ್ದ, ಬೇರಿಂಗ್ ಕೂರುವ ವ್ಯಾಸ ಹೊಂದದೆ ಲೇಥ್ ಕೆಲಸ ಬೀಳುತ್ತದೆ. ಅಲ್ಲಿ ತಪ್ಪಾದರೆ ಬ್ರೇಕ್ ಹಿಡಿದಾಗ ಇಡೀ ಭಾರ ಬೀಳುವುದು ಆ ಜಾಗಕ್ಕೇ. ಫೋರ್ಕ್ ಗಿಡ್ಡವಾದರೆ ಮೂತಿ ಇಳಿದು, ವೇಗದಲ್ಲಿ ಹ್ಯಾಂಡಲ್ ಅದುರುವ ಸಂಭವವೂ ಹೆಚ್ಚು. ಮೂಲ ಡ್ರಮ್ಮನ್ನು ಲೇಥ್‌ನಲ್ಲಿ ದುಂಡಗೆ ಮಾಡಿಸಿ, ಹೊಸ ಲೈನರ್ ಅಂಟಿಸಿ, ಶೂಗಳನ್ನು ಡ್ರಮ್ಮಿನ ಅಳತೆಗೆ ಲೇಥ್‌ನಲ್ಲಿ ಕಡೆಸಿ, ಹೊಸ ಕೇಬಲ್ ಹಾಕಿ. ಹಳೇ ಬ್ರೇಕ್ ಹಿಡಿಯುವುದಿಲ್ಲ ಎಂಬ ದೂರಿಗೆ ಬಹುಪಾಲು ಕಾರಣ ಶೂ ಅರ್ಧ ಮಾತ್ರ ತಾಗುವುದು.

ಪ್ರಶ್ನೆ: ಬೈಕ್ ತಯಾರಾಗಿದೆ. ಪೆಟ್ರೋಲ್‌ಗೆ ಆಯಿಲ್ ಎಷ್ಟು? ಈಗಿನ ಇ20 (ಶೇ. 20 ಎಥೆನಾಲ್ ಬೆರೆಸಿದ) ಪೆಟ್ರೋಲ್ ನಡೆಯುತ್ತದೆಯೇ?
— ಓದುಗರು, ಹಾಸನ

ಉತ್ತರ: ಹೊಸ ಬೋರ್‌ಗೆ ಮೊದಲ 500 ಕಿ.ಮೀ. ಲೀಟರಿಗೆ 40 ಮಿ.ಲೀ. ಒಳ್ಳೆಯ 2ಟಿ ಆಯಿಲ್, ಆಮೇಲೆ 30. ಆಯಿಲನ್ನು ಕ್ಯಾನಿನಲ್ಲಿ ಕಲಸಿ ಹಾಕಿ. ಟ್ಯಾಂಕಿಗೆ ನೇರ ಸುರಿದರೆ ತಳದಲ್ಲಿ ಕೂರುತ್ತದೆ. ಇ20ಯಲ್ಲಿ ಓಡುತ್ತದೆ, ಆದರೆ ಎಥೆನಾಲ್ ಹಳೇ ರಬ್ಬರ್ ಪೈಪು, ಪೆಟ್ರೋಲ್ ಕಾಕ್‌ನ ವಾಷರ್‌ಗಳನ್ನು ಉಬ್ಬಿಸುತ್ತದೆ. ಎಥೆನಾಲ್ ತಡೆಯುವ ಪೈಪು ಹಾಕಿ. ಎಥೆನಾಲ್ ನೀರನ್ನೂ ಎಳೆದುಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು, ಕಾರ್ಬುರೇಟರ್ ಬೌಲ್ ಎರಡನ್ನೂ ಖಾಲಿ ಮಾಡಿ, ಟ್ಯಾಂಕಿನೊಳಗೆ ಸ್ವಲ್ಪ 2ಟಿ ಆಯಿಲ್ ಬಿಟ್ಟು ಎಲ್ಲಾ ಕಡೆ ತಾಗುವಂತೆ ತಿರುವಿ ಇಡಿ.