ಜೀಪಿನಲ್ಲಿ ನಕ್ಕ ಹುಡುಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ವಿರಾಜಪೇಟೆ ಕಡೆಯ ಕಾಫಿ ಬೆಳೆಗಾರರ ಮನೆಯ ಹತ್ತು ವರ್ಷದ ಹುಡುಗ, ಐದನೇ ತರಗತಿ. ಜುಲೈಯಿಂದ ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ಭಾನುವಾರ ಇಲ್ಲ. ವೈದ್ಯರಿಗೆ ಏನೂ ಕಾಣದಿದ್ದಾಗ ತಾಯಿ ಆಪ್ತಸಮಾಲೋಚನೆಗೆಂದು ನಮ್ಮಲ್ಲಿಗೆ ಕರೆತಂದರು.

ಎರಡನೇ ಭೇಟಿಯಲ್ಲಿ ಚಿತ್ರ ಬಿಡಿಸುತ್ತ ಬಾಯಿಬಿಟ್ಟ. ಅವರ ತೋಟದ ಲೈನ್ ಮನೆಯ, ಎಂದರೆ ಕೂಲಿಕಾರರ ಸಾಲುಮನೆಯ, ಯರವ ಬುಡಕಟ್ಟಿನ ಹುಡುಗ ಇವನ ತರಗತಿಯವನೇ, ಗೆಳೆಯನೂ ಹೌದು. ಅವನು ಶಾಲೆಯ ಜೀಪು ಹತ್ತಿದೊಡನೆ ದೊಡ್ಡ ಹುಡುಗರು ಮೂಗು ಮುಚ್ಚಿಕೊಳ್ಳುತ್ತಾರೆ, ಜಾತಿಯ ಹೆಸರನ್ನೇ ಬೈಗುಳ ಮಾಡಿ ಕೂಗುತ್ತಾರೆ. ಒಂದು ದಿನ ಇವನೂ ನಕ್ಕ. ಅಂದಿನಿಂದ ಗೆಳೆಯ ಮಾತು ಬಿಟ್ಟಿದ್ದಾನೆ.

ಇಂಥ ಮಗುವಿಗೆ "ಎಲ್ಲರೂ ಒಂದೇ" ಎಂಬ ಪಾಠ ನಾಟುವುದಿಲ್ಲ. ವಾಸನೆ ಇರುವುದು ಅವನ ಮೂಗಿಗೆ ಗೊತ್ತು. ಇಲ್ಲವೆಂದರೆ ಹೇಳಿದವರನ್ನೇ ನಂಬುವುದಿಲ್ಲ. ಕಾರಣ ಹೇಳಬೇಕು. ಕೊಡಗಿನ ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ. ಇರುವ ಒಂದೆರಡು ಜೊತೆ ಸಮವಸ್ತ್ರವನ್ನು ಲೈನ್ ಮನೆಯಲ್ಲಿ ಸೌದೆ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಾರೆ. ಅದು ಹೊಗೆಯ ವಾಸನೆ, ಮನುಷ್ಯನದಲ್ಲ. ಗೆಳೆಯ ಕನ್ನಡದಲ್ಲಿ ತಡವರಿಸುವುದು ಮನೆಮಾತು ಬೇರೆ ಇರುವುದರಿಂದ. ಇಷ್ಟು ಹೇಳಿದ ಮೇಲೆ ಹುಡುಗನೇ ಕೇಳಿದ: "ಹಾಗಾದ್ರೆ ನಮ್ಮನೇಲಿ ಅವನ ಅಮ್ಮಂಗೆ ಬೇರೆ ಲೋಟ ಯಾಕೆ?"

ಗಂಟು ಇದ್ದದ್ದು ಅಲ್ಲಿ. ಹಿತ್ತಲ ಕಟ್ಟೆಯ ಮೇಲೆ ಕವುಚಿಟ್ಟ ಆ ಸ್ಟೀಲ್ ಲೋಟ ದಿನಕ್ಕೆರಡು ಬಾರಿ ಕಲಿಸುವುದನ್ನು ತಿಂಗಳಿಗೊಮ್ಮೆಯ ಬುದ್ಧಿಮಾತು ಅಳಿಸಲಾರದು. ತಂದೆತಾಯಿಗೆ ಸುತ್ತುಬಳಸದೆ ಹೇಳಿದ್ದು: ಇದು ಅಸ್ಪೃಶ್ಯತೆ, ಸಂವಿಧಾನದ 17ನೇ ವಿಧಿ ನಿಷೇಧಿಸಿರುವಂಥದ್ದು. ಲೋಟ ತೆಗೆಯಿರಿ, ಆದರೆ ಸದ್ದಿಲ್ಲದೆ ಅಲ್ಲ. "ನಾವು ಇಷ್ಟು ದಿನ ಮಾಡಿದ್ದು ತಪ್ಪು, ಇವತ್ತಿಂದ ಎಲ್ಲರಿಗೂ ಇದೇ ಲೋಟ" ಎಂದು ಮಗನಿಗೆ ಕೇಳುವಂತೆ ಹೇಳಿ. ಅಜ್ಜಿ ಒಪ್ಪಲಿಲ್ಲ. ಅವರನ್ನು ಮೊಮ್ಮಗನ ಮುಂದೆ ಬೈಯಬೇಡಿ; ಟೀ ಕೊಡುವ ಕೆಲಸವನ್ನು ನೀವೇ ವಹಿಸಿಕೊಳ್ಳಿ. ಕನಿಕರವೂ ಬೇಡ: ಹಳೆಯ ಬಟ್ಟೆಯ ಗಂಟನ್ನು ಮಗನ ಕೈಲಿ ಗೆಳೆಯನಿಗೆ ಕೊಡಿಸಿದರೆ ಅವರಿಬ್ಬರ ನಡುವೆ ಸರಿಸಮ ಎಂಬುದೇ ಉಳಿಯದು.

ಹುಡುಗನ ಜೊತೆ ನಾಲ್ಕು ಭೇಟಿಯಲ್ಲಿ, ಪ್ರತಿ ಸಲ ಹತ್ತು ನಿಮಿಷ, ಕುರ್ಚಿಗಳನ್ನೇ ಜೀಪು ಮಾಡಿ ಅಭ್ಯಾಸ ನಡೆಯಿತು. ಗೆಳೆಯ ಹತ್ತುವ ಮೊದಲೇ ಪಕ್ಕದಲ್ಲಿ ಜಾಗ ಹಿಡಿದಿಟ್ಟು "ಬಾ, ಇಲ್ಲಿ ಕೂರು" ಎನ್ನುವುದು. ಯಾರಾದರೂ ಮೂಗು ಮುಚ್ಚಿದರೆ ಒಂದೇ ವಾಕ್ಯ: "ಹಾಗೆ ಹೇಳ್ಬೇಡ, ಅವನು ನನ್ನ ಫ್ರೆಂಡ್." ವಾದ ಬೇಡ, ತಿರುಗಿ ಬೈಯುವುದೂ ಬೇಡ. ಮೊದಲ ಸಲ ದನಿ ನಡುಗುತ್ತದೆ, ಬಾಯಿ ಒಣಗುತ್ತದೆ. ಅದಕ್ಕೇ ಉದ್ದದ ಮಾತು ಕಲಿಸುವುದಿಲ್ಲ. ಎದುರಿನವರು ದೊಡ್ಡವರಾಗಿದ್ದು ಹೆದರಿಕೆಯಾದರೆ ಪಕ್ಕದಲ್ಲಿ ಕೂತರೆ ಸಾಕು, ಇಳಿದ ಮೇಲೆ ಟೀಚರಿಗೆ ಹೇಳಬೇಕು. ಚಾಡಿ ಹೇಳಿದಂತಾಗುವುದಿಲ್ಲವೇ ಎಂದ. ಒಬ್ಬರಿಗೆ ಏಟು ಬೀಳಲಿ ಎಂದು ಹೇಳುವುದು ಚಾಡಿ, ಬೀಳುತ್ತಿರುವ ಏಟು ನಿಲ್ಲಲಿ ಎಂದು ಹೇಳುವುದು ಚಾಡಿಯಲ್ಲ ಎಂದು ತಿಳಿಸಲಾಯಿತು. ಗೆಳೆಯನ ಬಳಿ ಕ್ಷಮೆ ಕೇಳುವುದು ಇಬ್ಬರೇ ಇರುವಾಗ: "ಅವತ್ತು ನಕ್ಕಿದ್ದು ತಪ್ಪಾಯ್ತು." ಅವನು ಕ್ಷಮಿಸಲೇಬೇಕೆಂದಿಲ್ಲ.

ಶಾಲೆ ಎಲ್ಲರ ಮುಂದೆ ಕ್ಷಮೆ ಕೇಳಿಸಲು ಹೊರಟಿತ್ತು, ಅದನ್ನು ತಡೆದೆವು. ಹಾಗೆ ಮಾಡಿದರೆ ನೊಂದ ಮಗುವೇ ಇನ್ನೊಮ್ಮೆ ಎಲ್ಲರ ಕಣ್ಣಿಗೆ ಬೀಳುತ್ತದೆ. ಬದಲಿಗೆ ದೊಡ್ಡ ಹುಡುಗರನ್ನು ಒಬ್ಬೊಬ್ಬರಾಗಿ ಕರೆದು ಮಾತಾಡಲು, ಜೀಪಿನ ಸೀಟುಗಳನ್ನು ನಿಗದಿ ಮಾಡಲು ಹೇಳಲಾಯಿತು. ತರಗತಿಗೆ, 1971ರಲ್ಲಿ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಅಮೆರಿಕದ ಆಸ್ಟಿನ್ ಶಾಲೆಗಳಲ್ಲಿ ಶುರುಮಾಡಿದ ವಿಧಾನ: ಐದಾರು ಮಕ್ಕಳ ಗುಂಪು, ಪಾಠದ ಒಂದೊಂದು ತುಂಡು ಒಬ್ಬೊಬ್ಬರ ಕೈಲಿ, ಪರಸ್ಪರ ಕೇಳಿಸಿಕೊಳ್ಳದೆ ಪಾಠ ಪೂರ್ತಿಯಾಗದು. ಟೀಚರ್ ಕಾಫಿ ಕೊಯ್ಲಿನ ಪಾಠವನ್ನು ಯರವರ ಹುಡುಗನಿಗೆ ಕೊಡುವ ಯೋಚನೆಯಲ್ಲಿದ್ದರು. ಪ್ರೀತಿಯಿಂದಲೇ, ಆದರೆ ಅದು ಅವನನ್ನು ಮತ್ತೆ ತೋಟಕ್ಕೇ ಕಟ್ಟಿಹಾಕುತ್ತದೆ. ಅವನ ಪಾಲಿಗೆ ಸೌರಮಂಡಲದ ತುಂಡು ಬಂತು.

ಮೂರು ತಿಂಗಳಲ್ಲಿ ಹೊಟ್ಟೆನೋವು ಬಹುತೇಕ ನಿಂತಿದೆ. ಅಜ್ಜಿ ತಮ್ಮ ಲೋಟವನ್ನು ಬೇರೆ ಇಟ್ಟುಕೊಂಡಿದ್ದಾರೆ. ಬೈಗುಳ ತಿಂದ ಹುಡುಗನ ಜೊತೆ ಮಾತು ಇನ್ನೂ ಆಗಬೇಕು. ಹಗಲು ಕರೆದರೆ ಅವನ ತಾಯಿಯ ದಿನಗೂಲಿ ಹೋಗುತ್ತದೆ. ಸಂಜೆ ಐದರ ನಂತರ ಲೈನಿನ ಬಳಿಯ ಅಂಗನವಾಡಿಯಲ್ಲಿ ಭೇಟಿ ಗೊತ್ತುಮಾಡಿದೆ.